ಡಿಸ್ಕೋ ಅಣ್ಣತಮ್ಮಂದಿರು ಬರೆದ ಕಂಟ್ರಿ ಯುಗಳಗೀತೆ: ‘ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್’ ಹುಟ್ಟಿದ ಬಗೆ

2025ರ ಫೆಬ್ರವರಿಯಲ್ಲಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ಗೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ಅದರಲ್ಲಿ ಮೈಲಿ ಸೈರಸ್ ಜೊತೆ ಆಕೆ ಹಾಡಿದ ಹಾಡಿಗೆ ಕಂಟ್ರಿ ಜೋಡಿ ಗಾಯನದ ಪ್ರಶಸ್ತಿಯೂ ಸಿಕ್ಕಿತು. ಕಂಟ್ರಿ ಸಂಗೀತ ಅಂದರೆ ಟೋಪಿ, ಕುದುರೆ, ಗಿಟಾರು ಅಂತಷ್ಟೇ ಗೊತ್ತಿದ್ದವರ ಫೋನಿಗೂ ಆಗ ಒಂದು ಜಗಳ ಬಂದು ಬಿತ್ತು. ಪಾಪ್ ಹಾಡುವವರು ಹಾಡಿದರೆ ಅದು ಕಂಟ್ರಿ ಆಗುತ್ತದಾ? ಕೆಲವೇ ತಿಂಗಳಲ್ಲಿ ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ಕಂಟ್ರಿ ಆಲ್ಬಂ ಪ್ರಶಸ್ತಿಯನ್ನು ಎರಡು ಪಾಲು ಮಾಡಿತು. ಸಾಂಪ್ರದಾಯಿಕ ಕಂಟ್ರಿಗೆ ಒಂದು, ಸಮಕಾಲೀನ ಕಂಟ್ರಿಗೆ ಇನ್ನೊಂದು.

ಈ ಜಗಳಕ್ಕೆ ವಯಸ್ಸು ಜಾಸ್ತಿ. ಅದನ್ನು ಅರ್ಥ ಮಾಡಿಕೊಳ್ಳಲು ದಪ್ಪ ಪುಸ್ತಕ ಓದಬೇಕಿಲ್ಲ, 1983ರ ಒಂದೇ ಒಂದು ಹಾಡಿನ ಕಥೆ ತಿಳಿದರೆ ಸಾಕು. ಹಾಡಿನ ಹೆಸರು ‘ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್’. ಹಾಡಿದವರು ಕೆನ್ನಿ ರೋಜರ್ಸ್ ಮತ್ತು ಡಾಲಿ ಪಾರ್ಟನ್. 2005ರಲ್ಲಿ ಅಮೆರಿಕದ ಸಿಎಂಟಿ ವಾಹಿನಿ ಕಂಟ್ರಿಯ ಅತ್ಯುತ್ತಮ ಯುಗಳಗೀತೆ ಯಾವುದು ಅಂತ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಇದಕ್ಕೇ ಸಿಕ್ಕಿತು. ಆದರೆ ಇದನ್ನು ಬರೆದವರು ಕಂಟ್ರಿಯವರಲ್ಲ. ಅವರು ಡಿಸ್ಕೋದಲ್ಲಿ ಹೆಸರು ಮಾಡಿದ ಬೀ ಜೀಸ್.

## ಮೊದಲು, ಕಂಟ್ರಿ ಅಂದರೆ ಏನು?

ಅಮೆರಿಕದ ಪೂರ್ವ ಭಾಗದಲ್ಲಿ ಅಪಲೇಚಿಯನ್ ಎಂಬ ಬೆಟ್ಟಸಾಲಿದೆ. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದವರು ತಮ್ಮ ಕಥನಗೀತೆಗಳನ್ನೂ ಫಿಡಲ್ಲನ್ನೂ ತಂದರು. ಗುಲಾಮರಾಗಿ ಬಂದ ಆಫ್ರಿಕನ್ನರ ಕೈಯಿಂದ ಬ್ಯಾಂಜೋ ಬಂತು. ಚರ್ಚಿನ ಹಾಡು, ಕಪ್ಪು ಜನರ ಬ್ಲೂಸ್, ಆಮೇಲೆ ಹವಾಯಿ ದ್ವೀಪಗಳಿಂದ ಬಂದ ಸ್ಟೀಲ್ ಗಿಟಾರು, ಎಲ್ಲ ಸೇರಿಕೊಂಡವು. ಅಂದರೆ ‘ಅಪ್ಪಟ’ ಎನ್ನುವ ಕಂಟ್ರಿಯೂ ಹುಟ್ಟುವಾಗಲೇ ಕಲಬೆರಕೆ.

ಇದು ಮಾರುಕಟ್ಟೆಗೆ ಬಂದದ್ದು 1920ರ ದಶಕದಲ್ಲಿ. 1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬ ರೆಕಾರ್ಡ್ ವ್ಯಾಪಾರಿ ವಿಕ್ಟರ್ ಕಂಪನಿಯ ಪರವಾಗಿ ಬ್ರಿಸ್ಟಲ್ ಎಂಬ ಊರಿಗೆ ಬಂದ. ಈ ಊರಿನ ಮುಖ್ಯ ರಸ್ತೆಯೇ ಎರಡು ರಾಜ್ಯಗಳ ಗಡಿ. ಒಂದು ಬದಿಯ ಅಂಗಡಿಗಳು ಟೆನೆಸಿಯಲ್ಲಿ, ಎದುರು ಬದಿಯವು ವರ್ಜೀನಿಯಾದಲ್ಲಿ. ಟೆನೆಸಿ ಬದಿಯಲ್ಲಿ ಹಿಂದೆ ಟೋಪಿ ಕಂಪನಿಯದಾಗಿದ್ದ ಕಟ್ಟಡದಲ್ಲಿ ಆತ ಯಂತ್ರ ಹೂಡಿ, ಸುತ್ತಲಿನ ಹಾಡುಗಾರರನ್ನು ಕರೆದ. ಬಂದವರಲ್ಲಿ ಒಂದು ಕುಟುಂಬವಿತ್ತು. ಎ.ಪಿ. ಕಾರ್ಟರ್, ಹೆಂಡತಿ ಸಾರಾ, ಮತ್ತು ಗಿಟಾರು ಹಿಡಿದ ಮೇಬೆಲ್. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ. ಈ ಕಾರ್ಟರ್ ಕುಟುಂಬ ಮತ್ತು ಅದೇ ದಿನಗಳಲ್ಲಿ ಅಲ್ಲೇ ಹಾಡಿದ ಜಿಮ್ಮಿ ರಾಡ್ಜರ್ಸ್, ಇವರಿಂದಲೇ ಕಂಟ್ರಿಯ ಲೆಕ್ಕ ಶುರು ಮಾಡುವುದು ರೂಢಿ. ಬಿಯಾನ್ಸೆಯ ಆಲ್ಬಂ ಹೆಸರಿನಲ್ಲಿರುವ ‘ಕಾರ್ಟರ್’ ಆಕೆಯ ಗಂಡನ ಮನೆಹೆಸರೂ ಹೌದು, ಈ ಕುಟುಂಬವನ್ನು ನೆನಪಿಸುವ ಹೆಸರೂ ಹೌದು.

1929ರಲ್ಲಿ ವಿಕ್ಟರ್ ಕಂಪನಿಯನ್ನು ಆರ್‌ಸಿಎ ಕೊಂಡುಕೊಂಡಿತು. ಈ ಆರ್‌ಸಿಎ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ಇಬ್ಬರು ಸೇರಿ ಹಾಡುವುದರಲ್ಲಿ ಎರಡು ಬಗೆ

ಕಂಟ್ರಿ ಯುಗಳಗೀತೆಯಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಅವನ್ನು ಬಿಡಿಸಿ ನೋಡಿದರೆ ಕೇಳುವಾಗ ಮಜಾ ಜಾಸ್ತಿ.

ಮೊದಲನೆಯದು ಹಾರ್ಮನಿ. ಕರ್ನಾಟಕ ಸಂಗೀತದಲ್ಲಿ ಇಬ್ಬರು ಜೊತೆಗೆ ಹಾಡಿದರೆ ಸಾಮಾನ್ಯವಾಗಿ ಇಬ್ಬರ ಬಾಯಲ್ಲೂ ಒಂದೇ ಸ್ವರ. ಇಲ್ಲಿ ಹಾಗಲ್ಲ. ಒಬ್ಬರು ‘ಸ’ ಹಾಡುವಾಗ ಇನ್ನೊಬ್ಬರು ‘ಗ’ ಹಿಡಿಯುತ್ತಾರೆ. ಒಬ್ಬರು ‘ರಿ’ಗೆ ಬಂದರೆ ಇನ್ನೊಬ್ಬರು ‘ಮ’. ಮಾತು ಒಂದೇ, ಲಯ ಒಂದೇ, ಸ್ವರ ಮಾತ್ರ ಬೇರೆ. ನಡುವಿನ ಅಂತರವನ್ನು ಕಾಪಾಡಿಕೊಂಡು ಹೋಗಬೇಕು. ಈ ಅಂತರ ಹತ್ತಿರದ್ದಾಗಿದ್ದರೆ ಎರಡು ದನಿ ಸೇರಿ ಮೂರನೆಯದೊಂದು ಹುಟ್ಟಿದಂತೆ ಕೇಳುತ್ತದೆ. 1930ರ ದಶಕದಲ್ಲಿ ಇದನ್ನು ಪಳಗಿಸಿದವರು ಅಣ್ಣತಮ್ಮಂದಿರ ಜೋಡಿಗಳು. ಡೆಲ್ಮೋರ್ ಸೋದರರು, ಮನ್ರೋ ಸೋದರರು, ಮುಂದೆ ಲೂವಿನ್ ಸೋದರರು, ಎವರ್ಲಿ ಸೋದರರು. ಒಂದೇ ಮನೆಯಲ್ಲಿ ಬೆಳೆದವರ ಉಚ್ಚಾರ ಒಂದೇ ಥರ. ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಉಸಿರು ತೆಗೆಯಬೇಕು ಅಂತ ಒಬ್ಬರಿಗೊಬ್ಬರು ಹೇಳಿಕೊಡಬೇಕಿಲ್ಲ.

ಎರಡನೆಯದು ಸಂಭಾಷಣೆ. ಒಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ. ಇಲ್ಲಿ ದನಿಗಳು ಒಂದಾಗುವುದಕ್ಕಿಂತ ಬೇರೆಯಾಗಿ ಕೇಳುವುದೇ ಮುಖ್ಯ. ಹಾಗಾಗಿ ಗಂಡು ಹೆಣ್ಣಿನ ಜೋಡಿ ಇದಕ್ಕೆ ಸರಿಹೊಂದಿತು. ನಮ್ಮ ಸಿನಿಮಾ ಯುಗಳಗೀತೆಯಲ್ಲೂ ಹೀಗೇ ಅಲ್ವಾ ಅನ್ನಬಹುದು. ಒಂದು ವ್ಯತ್ಯಾಸ ಇದೆ. ಸಿನಿಮಾದಲ್ಲಿ ಹಾಡುವವರು ಪರದೆಯ ಹಿಂದೆ, ಪ್ರೀತಿ ಮಾಡುವವರು ನಟನಟಿಯರು. ಕಂಟ್ರಿಯಲ್ಲಿ ಆ ಪರದೆ ಇಲ್ಲ. ಹಾಡುವವರೇ ಪಾತ್ರಗಳು, ಅದೂ ತಮ್ಮದೇ ಹೆಸರಿನಲ್ಲಿ. ಕೇಳುವವರಿಗೆ ಪಕ್ಕದ ಮನೆಯ ಗಂಡಹೆಂಡಿರ ಮಾತು ಗೋಡೆಯಾಚೆಯಿಂದ ಕೇಳಿಸಿದ ಹಾಗೆ. ನಿಜವೋ ನಾಟಕವೋ ಗೊತ್ತಾಗದು, ಕಿವಿ ಮಾತ್ರ ಅತ್ತಲೇ.

## ಒಂದೇ ಮೈಕು, ಗಂಡು ಹೆಣ್ಣು

ಈ ಕುತೂಹಲವನ್ನು ಕಂಟ್ರಿ ಚೆನ್ನಾಗಿಯೇ ಬಳಸಿಕೊಂಡಿದೆ. ಸಾರಾ ಮತ್ತು ಎ.ಪಿ. ಕಾರ್ಟರ್ 1930ರ ದಶಕದಲ್ಲೇ ಬೇರೆಯಾದರು, ಆದರೂ ವರ್ಷಗಟ್ಟಲೆ ಜೊತೆಗೆ ಹಾಡಿದರು. 1954ರಲ್ಲಿ ಕಿಟ್ಟಿ ವೆಲ್ಸ್ ಮತ್ತು ರೆಡ್ ಫೋಲಿ ಜೋಡಿಯ ಹಾಡೊಂದು ಕಂಟ್ರಿ ಪಟ್ಟಿಯ ಮೇಲಕ್ಕೇರಿತು. ಗಂಡು ಹೆಣ್ಣಿನ ಜೋಡಿಗೂ ಮಾರುಕಟ್ಟೆ ಇದೆ ಅಂತ ಕಂಪನಿಗಳಿಗೆ ಗೊತ್ತಾಯಿತು.

1967ರಲ್ಲಿ ಜಾನಿ ಕ್ಯಾಶ್ ಮತ್ತು ಜೂನ್ ಕಾರ್ಟರ್ ‘ಜ್ಯಾಕ್ಸನ್’ ಹಾಡಿದರು. ಅವಸರದಲ್ಲಿ ಮದುವೆಯಾಗಿ ಈಗ ಬೇಸತ್ತ ದಂಪತಿಯ ಕಥೆ. ಗಂಡ, ನಾನು ಜ್ಯಾಕ್ಸನ್ ಊರಿಗೆ ಹೋಗಿ ಮೆರೆಯುತ್ತೇನೆ ಅಂತ ಕೊಚ್ಚಿಕೊಳ್ಳುತ್ತಾನೆ. ಹೆಂಡತಿ, ಹೋಗು ಹೋಗು, ಅಲ್ಲಿ ನಿನ್ನನ್ನು ನೋಡಿ ನಗುತ್ತಾರೆ ಅಂತ ಹಂಗಿಸುತ್ತಾಳೆ. ಜೂನ್ ಬೇರಾರೂ ಅಲ್ಲ, ಬ್ರಿಸ್ಟಲ್‌ಗೆ ಬಸುರಿಯಾಗಿ ಬಂದಿದ್ದ ಆ ಮೇಬೆಲ್‌ಳ ಮಗಳು. 1968ರ ಫೆಬ್ರವರಿಯಲ್ಲಿ ಕೆನಡಾದ ವೇದಿಕೆಯೊಂದರಲ್ಲಿ, ಜನರೆದುರೇ ಜಾನಿ ಆಕೆಗೆ ಮದುವೆಯಾಗು ಅಂತ ಕೇಳಿದ. ಮರು ತಿಂಗಳೇ ಮದುವೆ.

ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ಕಥೆ ಇನ್ನೂ ವಿಚಿತ್ರ. 1969ರಲ್ಲಿ ಮದುವೆಯಾದರು, 1975ರಲ್ಲಿ ವಿಚ್ಛೇದನ. ಮದುವೆಯ ಉಂಗುರವೊಂದು ಗಿರವಿ ಅಂಗಡಿಯಿಂದ ಹೊರಟು ಮತ್ತೆ ಗಿರವಿ ಅಂಗಡಿಗೇ ಬರುವ ‘ಗೋಲ್ಡನ್ ರಿಂಗ್’ ಹಾಡನ್ನು ಅವರು ಹೊರತಂದದ್ದು 1976ರಲ್ಲಿ, ಅಂದರೆ ಬೇರೆಯಾದ ಮೇಲೆ. ಅದೂ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅತ್ತ ಲೊರೆಟಾ ಲಿನ್ ಮತ್ತು ಕಾನ್ವೇ ಟ್ವಿಟ್ಟಿ ಗಂಡಹೆಂಡಿರೇ ಅಲ್ಲ, ಇಬ್ಬರಿಗೂ ಬೇರೆ ಬೇರೆ ಸಂಸಾರ. ಆದರೂ ಅವರು ಹಾಡುವುದನ್ನು ಕೇಳಿದ ಎಷ್ಟೋ ಜನ ಗಂಡಹೆಂಡಿರೇ ಅಂದುಕೊಂಡಿದ್ದರು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್, ಅಂದರೆ ಸಿಎಂಎ, ಕೊಡುವ ವರ್ಷದ ಜೋಡಿ ಪ್ರಶಸ್ತಿಯನ್ನು 1972ರಿಂದ 1975ರವರೆಗೆ ಸತತ ನಾಲ್ಕು ಬಾರಿ ಇವರೇ ಗೆದ್ದರು.

ಅದಕ್ಕೂ ಹಿಂದಿನ ಎರಡು ವರ್ಷ ಆ ಪ್ರಶಸ್ತಿ ಗೆದ್ದದ್ದು ಪೋರ್ಟರ್ ವ್ಯಾಗನರ್ ಮತ್ತು ಡಾಲಿ ಪಾರ್ಟನ್. ಟೆನೆಸಿಯ ಬೆಟ್ಟದ ಒಂದೇ ಕೋಣೆಯ ಮನೆಯಲ್ಲಿ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವಳಾಗಿ ಬೆಳೆದವಳು ಡಾಲಿ. 1967ರಲ್ಲಿ ಪೋರ್ಟರ್‌ನ ಟಿವಿ ಕಾರ್ಯಕ್ರಮ ಸೇರಿದಳು. ವಾರವಾರವೂ ಕ್ಯಾಮೆರಾ ಎದುರು ಇನ್ನೊಬ್ಬರ ದನಿಗೆ ದನಿ ಕೂಡಿಸುವ ಕೆಲಸ. ಎದುರಿನವನು ಎಲ್ಲಿ ಉಸಿರು ಬಿಡುತ್ತಾನೆ, ಎಲ್ಲಿ ಸಾಲು ಮೊಟಕು ಮಾಡುತ್ತಾನೆ ಅಂತ ನೋಡಿಕೊಂಡೇ ಹಾಡಬೇಕು. 1974ರಲ್ಲಿ ಆಕೆ ಆ ಜೋಡಿ ಬಿಟ್ಟು ಸ್ವಂತ ದಾರಿ ಹಿಡಿದಳು. ಪೋರ್ಟರ್‌ಗೆ ವಿದಾಯ ಹೇಳಲು ಬರೆದ ಹಾಡೇ ‘ಐ ವಿಲ್ ಆಲ್ವೇಸ್ ಲವ್ ಯೂ’. ಬಹಳ ಜನಕ್ಕೆ ಅದು ವಿಟ್ನಿ ಹ್ಯೂಸ್ಟನ್ ಹಾಡು.

ಕೆನ್ನಿ ರೋಜರ್ಸ್ ಬಂದ ದಾರಿ ಬೇರೆ. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ 1938ರಲ್ಲಿ ಹುಟ್ಟಿದವನು. ಜಾಝ್, ಜಾನಪದ, ರಾಕ್ ಎಲ್ಲದರಲ್ಲೂ ಕೈಯಾಡಿಸಿ ಕಂಟ್ರಿಗೆ ಬಂದ. 1978ರ ‘ದ ಗ್ಯಾಂಬ್ಲರ್’ನಿಂದ ಮನೆಮಾತಾದ. ಜೋಡಿ ಹಾಡುವುದರಲ್ಲಿ ಅವನೂ ಪಳಗಿದವನೇ. ಡಾಟಿ ವೆಸ್ಟ್, ಕಿಮ್ ಕಾರ್ನ್ಸ್, ಶೀನಾ ಈಸ್ಟನ್ ಜೊತೆ ಹಾಡಿ ಗೆದ್ದಿದ್ದ. ಒರಟು ಬೆರೆತ ಮೆತ್ತನೆಯ ದನಿ. ಎದುರಿಗೆ ಯಾವ ಹೆಣ್ಣು ದನಿ ಬಂದರೂ ಜಾಗ ಬಿಟ್ಟುಕೊಡುತ್ತಿತ್ತು.

## ಡಿಸ್ಕೋದವರಿಗೆ ಇಲ್ಲೇನು ಕೆಲಸ?

ಬ್ಯಾರಿ, ರಾಬಿನ್, ಮಾರಿಸ್ ಗಿಬ್. ಈ ಮೂವರು ಅಣ್ಣತಮ್ಮಂದಿರೇ ಬೀ ಜೀಸ್. ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿ, ಮ್ಯಾಂಚೆಸ್ಟರ್‌ನಲ್ಲಿ ಬೆಳೆದು, 1958ರಲ್ಲಿ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ಹಾಡುಗಾರರಾದವರು. 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಸಿನಿಮಾದ ಹಾಡುಗಳಿಂದ ಅವರ ಹೆಸರು ಡಿಸ್ಕೋ ಕುಣಿತಕ್ಕೇ ಅಂಟಿಕೊಂಡಿತು.

ಅದೇ ಮುಳುವಾಯಿತು. 1979ರ ಹೊತ್ತಿಗೆ ಅಮೆರಿಕದಲ್ಲಿ ಡಿಸ್ಕೋ ಮೇಲೆ ಸಿಟ್ಟು ಭುಗಿಲೆದ್ದಿತ್ತು. ಆ ವರ್ಷ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಆಟಗಳ ನಡುವೆ, ಪೆಟ್ಟಿಗೆ ತುಂಬ ಡಿಸ್ಕೋ ರೆಕಾರ್ಡುಗಳನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೇ ಆಟವೇ ನಡೆಯಲಿಲ್ಲ. ಬೀ ಜೀಸ್ ಹೆಸರು ಕೇಳಿದರೆ ರೇಡಿಯೋದವರು ಮುಖ ತಿರುಗಿಸುವ ಕಾಲ ಬಂತು.

ಹೆಸರಿಗೆ ಬೇಡಿಕೆ ಹೋಯಿತು, ಆದರೆ ಹಾಡು ಕಟ್ಟುವ ಕೈ ಹಾಗೇ ಇತ್ತಲ್ಲ! ಅವರು ಬೇರೆಯವರಿಗೆ ಬರೆಯತೊಡಗಿದರು. 1980ರಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್‌ಗೆ ‘ವುಮನ್ ಇನ್ ಲವ್’, 1982ರಲ್ಲಿ ಡಿಯಾನ್ ವಾರ್ವಿಕ್‌ಗೆ ‘ಹಾರ್ಟ್‌ಬ್ರೇಕರ್’. ದನಿ ಬೇರೆಯವರದಾದರೆ ಅದೇ ರೇಡಿಯೋಗಳು ಖುಷಿಯಿಂದ ಹಾಕುತ್ತಿದ್ದವು. ಕೆನ್ನಿಯದೂ ಹೀಗೆ ಹೊರಗಿನವರ ಬಳಿ ಹೋಗುವ ಅಭ್ಯಾಸವೇ. 1980ರಲ್ಲಿ ‘ಲೇಡಿ’ ಹಾಡನ್ನು ಅವನಿಗೆ ಬರೆದುಕೊಟ್ಟದ್ದು ಸೋಲ್ ಎಂಬ ಕಪ್ಪು ಅಮೆರಿಕನ್ನರ ಸಂಗೀತದಿಂದ ಬಂದ ಲಯನೆಲ್ ರಿಚಿ. 1983ರಲ್ಲಿ ಆರ್‌ಸಿಎ ಕಂಪನಿ ಸೇರಿದ ಕೆನ್ನಿ, ಮೊದಲ ಆಲ್ಬಂ ‘ಐಸ್ ದಟ್ ಸೀ ಇನ್ ದ ಡಾರ್ಕ್’ ಅನ್ನು ಬ್ಯಾರಿ ಗಿಬ್ ಕೈಗೆ ಒಪ್ಪಿಸಿದ.

ಆ ಆಲ್ಬಂಗೆ ಬಂದ ಹಾಡುಗಳಲ್ಲಿ ಒಂದು ಇದು. ಹೆಸರು ಅರ್ನೆಸ್ಟ್ ಹೆಮಿಂಗ್ವೇ ಸತ್ತ ಮೇಲೆ, 1970ರಲ್ಲಿ ಅಚ್ಚಾದ ಕಾದಂಬರಿಯದು. ಹೆಸರು ಬಿಟ್ಟರೆ ಕಾದಂಬರಿಗೂ ಹಾಡಿಗೂ ಕಥೆಯಲ್ಲಿ ನಂಟಿಲ್ಲ. ಹರಿಯುವ ನೀರಿನ ನಡುವಿನ ದ್ವೀಪಗಳ ಹಾಗೆ ನಾವಿಬ್ಬರು, ನಮ್ಮ ಮಧ್ಯೆ ಯಾರೂ ಇಲ್ಲ, ಜೊತೆಗೆ ಎಲ್ಲಿಗಾದರೂ ಹೋಗೋಣ ಅನ್ನುವುದಷ್ಟೇ ಹಾಡಿನ ತಿರುಳು. ಗಿಬ್ ಸೋದರರು ಇದನ್ನು ಮೊದಲು ಯೋಚಿಸಿದ್ದು ಆರ್ ಅಂಡ್ ಬಿ ಶೈಲಿಯಲ್ಲಿ. ಅಂದರೆ ಕಪ್ಪು ಅಮೆರಿಕನ್ನರ ಹಾಡುಗಾರಿಕೆಯಿಂದ ಬಂದ, ತಾಳ ಮುಂದಿಟ್ಟು ಮೈ ತೂಗಿಸುವ ಬಗೆ. ಬಹಳ ಮುಖ್ಯವಾಗಿ, ಆಗ ಅದು ಯುಗಳಗೀತೆಯಾಗಿರಲಿಲ್ಲ. ಕೆನ್ನಿ ಒಬ್ಬನೇ ಹಾಡಬೇಕಿತ್ತು.

## ನಾಲ್ಕು ದಿನ ಹಾಡಿದರೂ ಕೂಡಿ ಬರಲಿಲ್ಲ

ಲಾಸ್ ಏಂಜಲಿಸ್‌ನಲ್ಲಿ ಕೆನ್ನಿಗೆ ಲಯನ್ ಶೇರ್ ಎಂಬ ಸ್ವಂತ ಸ್ಟುಡಿಯೋ ಇತ್ತು. ಮುಂದೆ ಅವನು ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಅಲ್ಲಿ ಬ್ಯಾರಿ ಜೊತೆ ನಾಲ್ಕು ದಿನ ಈ ಹಾಡನ್ನೇ ಹಾಡಿದ. ಹಾಡಿದಷ್ಟೂ ಹಳಸಿತು. ಕೊನೆಗೆ, ನನಗೆ ಈ ಹಾಡೇ ಇಷ್ಟವಾಗುತ್ತಿಲ್ಲ ಮಾರಾಯ ಅನ್ನುವ ಧಾಟಿಯಲ್ಲಿ ಬ್ಯಾರಿಗೆ ಹೇಳಿಬಿಟ್ಟ. ಇದಕ್ಕೆ ಡಾಲಿ ಪಾರ್ಟನ್ ಬೇಕು ಅಂದ ಬ್ಯಾರಿ.

ಅಲ್ಲೊಂದು ಅದೃಷ್ಟ ಕೆಲಸ ಮಾಡಿತು. ಡಾಲಿ ಅದೇ ಕಟ್ಟಡದಲ್ಲಿದ್ದಳು. ಕೆನ್ನಿಯ ಮ್ಯಾನೇಜರ್ ಕೆನ್ ಕ್ರೇಗನ್ ಆಕೆಯನ್ನು ನೋಡಿದ್ದ. ಹೋಗಿ ಕರೆದುಕೊಂಡು ಬಂದ. ಆಕೆ ಒಳಗೆ ಬಂದು ಹಾಡಲು ಶುರು ಮಾಡಿದ ಮೇಲೆ ಹಾಡಿನ ಸ್ವಭಾವವೇ ಬದಲಾಯಿತು ಅನ್ನುತ್ತಿದ್ದ ಕೆನ್ನಿ.

ಅದೃಷ್ಟ ಅಂದೆ, ಆದರೆ ಅದರ ಹಿಂದೆ ಒಣ ವ್ಯವಹಾರವೂ ಇದೆ. ಬೇರೆ ಬೇರೆ ಕಂಪನಿಯ ಇಬ್ಬರು ಹಾಡುಗಾರರು ಒಂದೇ ರೆಕಾರ್ಡಿನಲ್ಲಿ ಹಾಡಬೇಕೆಂದರೆ ಎರಡೂ ಕಂಪನಿ ಒಪ್ಪಬೇಕು. ರೆಕಾರ್ಡ್ ಯಾರು ಮಾರಬೇಕು, ಯಾರ ಹೆಸರು ಮೊದಲು, ಪಾಲೆಷ್ಟು ಅಂತ ವಕೀಲರು ಕೂರಬೇಕು. ಡಾಲಿ ಪೋರ್ಟರ್ ಕಾಲದಿಂದಲೂ ಆರ್‌ಸಿಎಯಲ್ಲೇ ಇದ್ದಳು. ಕೆನ್ನಿ ಅಲ್ಲಿಗೆ ಆಗಷ್ಟೇ ಬಂದಿದ್ದ. ಆ ತಲೆನೋವು ಇರಲಿಲ್ಲ. ಬ್ರಿಸ್ಟಲ್‌ನಲ್ಲಿ ಕಾರ್ಟರ್ ಕುಟುಂಬದ ದನಿ ಹಿಡಿದ ಕಂಪನಿಯ ವಾರಸುದಾರರೇ 56 ವರ್ಷದ ಮೇಲೆ ಈ ರೆಕಾರ್ಡನ್ನೂ ಹೊರತಂದರು.

## ಬಿಳಿ ಒಂದರಿಂದ ಕಪ್ಪು ನಾಲ್ಕಕ್ಕೆ

ಈಗ ಹಾಡನ್ನೇ ಹತ್ತಿರದಿಂದ ನೋಡೋಣ. ಸಾಧ್ಯವಾದರೆ ಹಾಕಿಕೊಂಡು ಓದಿ.

ಗಂಡು ಹೆಣ್ಣು ಜೊತೆಗೆ ಹಾಡುವಾಗ ದೊಡ್ಡ ತೊಡಕು ಶ್ರುತಿಯದು. ಗಂಡಿನ ದನಿಗೆ ಹಿತವಾದ ಶ್ರುತಿ ಹೆಣ್ಣಿನ ದನಿಗೆ ಹಿತವಾಗಿರುವುದಿಲ್ಲ. ಒಬ್ಬರಿಗೆ ಸರಿಹೋಗುವ ಹಾಗೆ ಇಟ್ಟರೆ ಇನ್ನೊಬ್ಬರು ಒಂದೋ ಕಿರುಚಬೇಕು, ಇಲ್ಲ ಗೊಣಗಬೇಕು. ಹೆಚ್ಚಿನ ಯುಗಳಗೀತೆಗಳಲ್ಲಿ ನಡುವಿನ ಯಾವುದೋ ಒಂದು ಶ್ರುತಿ ಹಿಡಿದು ಇಬ್ಬರೂ ಸ್ವಲ್ಪ ಸ್ವಲ್ಪ ಕಷ್ಟಪಡುತ್ತಾರೆ.

ಇಲ್ಲಿ ಅದನ್ನು ಬೇರೆ ಥರ ಬಗೆಹರಿಸಿದ್ದಾರೆ. ಹಾಡು ಶುರುವಾಗುವುದು ಸಿ ಮೇಜರ್‌ನಲ್ಲಿ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಕೆನ್ನಿ ಒಬ್ಬನೇ ಮೆಲ್ಲಗೆ ಶುರು ಮಾಡುತ್ತಾನೆ. ಅವಳು ಬಂದು ಸೇರಿಕೊಳ್ಳುತ್ತಾಳೆ, ಇಬ್ಬರೂ ಕೂಡಿ ಪಲ್ಲವಿ ಹಾಡುತ್ತಾರೆ. ಅದು ಮುಗಿದು ಎರಡನೇ ಚರಣ ಬರುವಾಗ ಶ್ರುತಿಯೇ ಎದ್ದು ಬೇರೆಡೆಗೆ ಹೋಗುತ್ತದೆ. ಎ ಫ್ಲ್ಯಾಟ್‌ಗೆ, ಅಂದರೆ ಕಪ್ಪು ನಾಲ್ಕಕ್ಕೆ. ಅಲ್ಲಿಂದ ಡಾಲಿ ಹಿಡಿಯುತ್ತಾಳೆ. ಸಣ್ಣ ಜಿಗಿತವಲ್ಲ ಇದು. ಸಿನಿಮಾ ಹಾಡುಗಳ ಕೊನೆಯಲ್ಲಿ ಜೋಶ್ ಏರಿಸಲು ಅರ್ಧ ಸ್ವರ ಮೇಲೆ ತಳ್ಳುತ್ತಾರಲ್ಲ, ಅದಕ್ಕಿಂತ ತುಂಬ ದೊಡ್ಡದು.

ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಮಾಡ್ಯುಲೇಷನ್ ಅನ್ನುತ್ತಾರೆ. ಹೀಗೆ ಮಾಡಿದ್ದರಿಂದ ಇಬ್ಬರಿಗೂ ಹಾಡಿನಲ್ಲಿ ತಮ್ಮದೇ ಒಂದು ಮನೆ ಸಿಕ್ಕಿತು. ಮೊದಲರ್ಧ ಅವನ ಶ್ರುತಿ, ಅಲ್ಲಿ ಅವಳು ಜೊತೆಗಾರ್ತಿ. ಆಮೇಲೆ ಅವಳ ಶ್ರುತಿ, ಅಲ್ಲಿ ಅವನು ಜೊತೆಗಾರ. ಕೇಳುವವರಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ಡಾಲಿ ಬಂದಾಗ ಕಿಟಕಿ ತೆರೆದಷ್ಟು ಬೆಳಕು ಅನ್ನಿಸುತ್ತದೆ, ಅದಕ್ಕೆ ಕಾರಣ ಆಕೆಯ ದನಿಯೊಂದೇ ಅಲ್ಲ. ಕಾಲ ಕೆಳಗಿನ ನೆಲವೇ ಸರಿದಿರುತ್ತದೆ.

ಪಲ್ಲವಿಯಲ್ಲಿ ಮಾತ್ರ ಹಳೆಯ ಅಣ್ಣತಮ್ಮಂದಿರ ಹಾರ್ಮನಿಯೇ. ಎರಡು ದನಿ, ಒಂದೇ ಮಾತು, ಹತ್ತಿರದ ಸ್ವರಗಳು. ಬರೆದವರೂ ಅಣ್ಣತಮ್ಮಂದಿರೇ ಅನ್ನುವುದನ್ನು ಮರೆಯಬಾರದು. ಮೂವರ ದನಿ ಹೆಣೆದು ಹಾಡುವುದು ಗಿಬ್‌ಗಳಿಗೆ ಹುಡುಗರಾಗಿದ್ದಾಗಿನಿಂದ ರೂಢಿ. ಕಂಟ್ರಿಯ ಹೊರಗಿನವರಾದರೂ ಕಂಟ್ರಿಯ ಅತಿ ಹಳೆಯ ವಿದ್ಯೆ ಅವರಿಗೆ ಮನೆಯಲ್ಲೇ ಬಂದಿತ್ತು. ನನಗೆ ಈ ಹಾಡಿನ ಗುಟ್ಟು ಇಲ್ಲೇ ಇದೆ ಅನ್ನಿಸುತ್ತದೆ.

## ಮೂರು ಪಟ್ಟಿಯಲ್ಲೂ ಒಂದನೇ ಸ್ಥಾನ

ಹಾಡು 1983ರ ಆಗಸ್ಟ್‌ನಲ್ಲಿ ಬಂತು. ಅದು ಎಷ್ಟು ಗೆದ್ದಿತು ಅಂತ ತಿಳಿಯಲು ಪಟ್ಟಿಗಳ ಲೆಕ್ಕ ಗೊತ್ತಿರಬೇಕು. ‘ಬಿಲ್‌ಬೋರ್ಡ್’ ಎಂಬ ಅಮೆರಿಕದ ವಾರಪತ್ರಿಕೆ ಅಂಗಡಿಗಳ ಮಾರಾಟ ಮತ್ತು ರೇಡಿಯೋ ಪ್ರಸಾರ ನೋಡಿ ವಾರವಾರ ಪಟ್ಟಿ ಮಾಡುತ್ತಿತ್ತು. ಎಲ್ಲ ಬಗೆಯ ಹಾಡುಗಳಿಗೆ ಸೇರಿ ‘ಹಾಟ್ 100’. ಕಂಟ್ರಿಗೆ ಬೇರೆ ಪಟ್ಟಿ. ದೊಡ್ಡವರು ಕೇಳುವ ಮೆತ್ತನೆಯ ಹಾಡುಗಳಿಗೆ ‘ಅಡಲ್ಟ್ ಕಾಂಟೆಂಪರರಿ’ ಎಂಬ ಇನ್ನೊಂದು. ಒಂದು ಪಟ್ಟಿಯ ಹಾಡು ಗಡಿ ದಾಟಿ ಇನ್ನೊಂದರಲ್ಲೂ ಗೆದ್ದರೆ ಅದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ.

ಇದು ಮೂರೂ ಪಟ್ಟಿಗಳಲ್ಲಿ ಒಂದನೇ ಸ್ಥಾನಕ್ಕೇರಿತು. ಹಾಟ್ 100ರಲ್ಲಿ ಬಾನಿ ಟೈಲರ್‌ಳ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’ ಅನ್ನು ಕೆಳಗಿಳಿಸಿ ಅಕ್ಟೋಬರ್ ಕೊನೆಯಿಂದ ಎರಡು ವಾರ ಮೇಲೆ ಕೂತಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಪ್ಲಾಟಿನಂ ಮಾನ್ಯತೆ ಬಂತು. ಆಗಿನ ನಿಯಮದಲ್ಲಿ ಒಂದು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, ಪ್ಲಾಟಿನಂ ಅನ್ನಿಸಿಕೊಳ್ಳಲು 20 ಲಕ್ಷ ಪ್ರತಿ ಹೋಗಿರಬೇಕು.

ಇದಾದ ಮೇಲೆ ಒಂದು ಕಂಟ್ರಿ ಹಾಡು ಹಾಟ್ 100ರ ತುದಿ ಮುಟ್ಟಿದ್ದು 2000ದ ಮಾರ್ಚ್‌ನಲ್ಲಿ, ಲೋನ್‌ಸ್ಟಾರ್ ತಂಡದ ‘ಅಮೇಝ್ಡ್’. ನಡುವೆ 16 ವರ್ಷಕ್ಕೂ ಜಾಸ್ತಿ ಕಳೆದಿತ್ತು.

## ಹಾಗಾದರೆ ಇದು ಕಂಟ್ರಿನಾ?

ಹಾಡಿನಲ್ಲಿ ಎದ್ದು ಕೇಳುವುದು ಕೀಬೋರ್ಡು, ಬೇಸು, ಡ್ರಮ್ಮು. ಬ್ಯಾಂಜೋ ಹುಡುಕಿದರೆ ನಿರಾಶೆಯೇ. ವಾದ್ಯದ ಲೆಕ್ಕದಲ್ಲಿ ಇದು 1983ರ ಪಾಪ್. ಬರೆದವರ ಲೆಕ್ಕದಲ್ಲಿ ಬ್ರಿಟಿಷ್. ರೆಕಾರ್ಡಾದ ಊರು ಕಂಟ್ರಿಯ ತವರಾದ ಟೆನೆಸಿಯ ನ್ಯಾಶ್‌ವಿಲ್ ಅಲ್ಲ, ಲಾಸ್ ಏಂಜಲಿಸ್. ಇಷ್ಟಾದರೂ ಕಂಟ್ರಿ ರೇಡಿಯೋ ಕೇಳುವವರು ಇದನ್ನು ತಮ್ಮದೇ ಅಂದರು.

ಎಲ್ಲರೂ ಇಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ. 1974ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್ ಜಾನ್‌ಗೆ ಸಿಎಂಎ ವರ್ಷದ ಗಾಯಕಿ ಪ್ರಶಸ್ತಿ ಕೊಟ್ಟಾಗ, ಹಳಬರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ಮನೆಯಲ್ಲಿ ಸೇರಿ ತಮ್ಮದೇ ಬೇರೆ ಸಂಘ ಕಟ್ಟಿದರು. ಮರುವರ್ಷ ಅದೇ ಸಮಾರಂಭದಲ್ಲಿ ಚಾರ್ಲಿ ರಿಚ್ ಎಂಬ ಗಾಯಕ ಗೆದ್ದವರ ಹೆಸರು ಓದಲು ಬಂದ. ಚೀಟಿಯಲ್ಲಿ, ಹಳಬರು ಪಾಪ್ ಕಡೆಯವನೆಂದು ಎಣಿಸುತ್ತಿದ್ದ ಜಾನ್ ಡೆನ್ವರ್ ಹೆಸರಿತ್ತು. ಲೈಟರ್ ತೆಗೆದು ಚೀಟಿಗೆ ಬೆಂಕಿ ಹಚ್ಚಿಬಿಟ್ಟ. ಅದು ಪ್ರತಿಭಟನೆಯೋ ತಮಾಷೆಯೋ ಅಂತ ಇಂದಿಗೂ ವಾದ ಮಾಡುವವರಿದ್ದಾರೆ.

‘ಐಲ್ಯಾಂಡ್ಸ್’ ಪಾರಾದದ್ದು ಮುಖ್ಯವಾಗಿ ಡಾಲಿಯಿಂದ. ಬೆಟ್ಟದ ಉಚ್ಚಾರ, ಸಾಲಿನ ಕೊನೆಯಲ್ಲಿ ನಡುಗುವ ಎಳೆ, ಮೂಗಿನ ಅಂಚಿಗೆ ತಾಗಿ ಬರುವ ಆ ಎತ್ತರದ ದನಿ. ಎಂಥ ವಾದ್ಯಗಳ ನಡುವೆ ನಿಲ್ಲಿಸಿದರೂ ಅದು ಟೆನೆಸಿಯದೇ. ಜೊತೆಗೆ ಸಂಭಾಷಣೆಯ ಆ ಹಳೆಯ ಆಟ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಾಡುತ್ತಿದ್ದಾರೆ ಅಂತ ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ. ಇವರಿಬ್ಬರ ನಡುವೆ ಏನೋ ಇದೆ ಅಂತ ಜನ ಮಾತಾಡಿಕೊಂಡರು. ಇರಲಿಲ್ಲ. ಡಾಲಿ 1966ರಲ್ಲೇ ಕಾರ್ಲ್ ಡೀನ್‌ನನ್ನು ಮದುವೆಯಾಗಿದ್ದಳು, 2025ರಲ್ಲಿ ಅವನು ತೀರಿಕೊಳ್ಳುವವರೆಗೂ ಆ ಸಂಸಾರ ನಡೆಯಿತು. ಕೆನ್ನಿ ಐದು ಸಲ ಮದುವೆಯಾದ, ಐವರಲ್ಲಿ ಡಾಲಿ ಇಲ್ಲ.

## ರೇಡಿಯೋದಲ್ಲಿ ಬಂದರೆ ದುಡ್ಡು ಯಾರಿಗೆ?

ಇದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಒಂದು ಹಾಡಿಗೆ ಎರಡು ಬಗೆಯ ಹಕ್ಕು ಇರುತ್ತದೆ. ಮಾತು ಮತ್ತು ಧಾಟಿಯ ಹಕ್ಕು ಬರೆದವರದು. ಹಾಡಿ ಹಿಡಿದಿಟ್ಟ ರೆಕಾರ್ಡಿನ ಹಕ್ಕು ಬೇರೆ. ಅದು ಹೆಚ್ಚಾಗಿ ಕಂಪನಿಯ ಕೈಯಲ್ಲಿದ್ದು, ಹಾಡಿದವರಿಗೆ ಪಾಲು ಹೋಗುತ್ತದೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋಗಳು ಹಾಡು ಹಾಕಿದಾಗ ದುಡ್ಡು ಕೊಡುವುದು ಬರೆದವರ ಹಕ್ಕಿಗೆ ಮಾತ್ರ. ಹಾಡಿದವರಿಗೆ ಏನೂ ಇಲ್ಲ. ಹಾಡು ಪ್ರಸಾರವಾದರೆ ರೆಕಾರ್ಡ್ ಮಾರಾಟವಾಗುತ್ತದಲ್ಲ, ಅದೇ ನಿಮಗೆ ಲಾಭ ಅನ್ನುವುದು ಅವರ ಹಳೆಯ ವಾದ. ಹೀಗಾಗಿ ಅಲ್ಲಿನ ರೇಡಿಯೋದಲ್ಲಿ ‘ಐಲ್ಯಾಂಡ್ಸ್’ ಬಂದಾಗಲೆಲ್ಲ ಕೆನ್ನಿ, ಡಾಲಿಯ ದನಿ ಕೇಳಿಸುತ್ತದೆ, ಹಣ ಹೋಗುವುದು ಗಿಬ್‌ಗಳ ಕಡೆಗೆ.

ಡಾಲಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್ ಪ್ರೆಸ್ಲಿ ಹಾಡಬೇಕಿತ್ತು. ಅದಕ್ಕೆ ಬರಹದ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡಬೇಕು ಅಂತ ಅವನ ಮ್ಯಾನೇಜರ್ ಕೇಳಿದ. ಡಾಲಿ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹಾಡಿ ಜಗತ್ತೆಲ್ಲ ಕೇಳುವಾಗ ಆ ಹಕ್ಕು ಇಡಿಯಾಗಿ ಆಕೆಯ ಕೈಯಲ್ಲಿತ್ತು.

1998ರಲ್ಲಿ ‘ಐಲ್ಯಾಂಡ್ಸ್’ನ ಪಲ್ಲವಿ ಇನ್ನೊಂದು ವೇಷದಲ್ಲಿ ಬಂತು. ಪ್ರಾಸ್, ಓಲ್ ಡರ್ಟಿ ಬಾಸ್ಟರ್ಡ್, ಮಾಯಾ ಸೇರಿ ಮಾಡಿದ ರ‍್ಯಾಪ್ ಹಾಡು ‘ಗೆಟ್ಟೋ ಸೂಪರ್‌ಸ್ಟಾರ್’. ಅದರಲ್ಲಿ ಮಾಯಾ ಇದೇ ಪಲ್ಲವಿಯನ್ನು ಮಾತು ಬದಲಿಸಿ ಹಾಡಿದಳು. ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಅಂಟಿಸಿದರೆ ಎರಡೂ ಹಕ್ಕಿನವರನ್ನು ಕೇಳಬೇಕು. ಹೊಸದಾಗಿ ಹಾಡಿಸಿಕೊಂಡರೆ ಬರೆದವರನ್ನು ಕೇಳಿದರೆ ಸಾಕು. ಇಲ್ಲಿ ಮಾಡಿದ್ದು ಎರಡನೆಯದು. ಗಿಬ್ ಸೋದರರ ಹೆಸರು ಆ ಹಾಡು ಬರೆದವರ ಪಟ್ಟಿಗೂ ಸೇರಿತು.

## ಆಮೇಲೇನಾಯಿತು?

ಕೆನ್ನಿ ಮತ್ತು ಡಾಲಿ 1984ರಲ್ಲಿ ಒಂದು ಕ್ರಿಸ್‌ಮಸ್ ಆಲ್ಬಂ ಮಾಡಿದರು. 1985ರ ‘ರಿಯಲ್ ಲವ್’ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. 2013ರಲ್ಲಿ ‘ಯೂ ಕಾಂಟ್ ಮೇಕ್ ಓಲ್ಡ್ ಫ್ರೆಂಡ್ಸ್’ ಹಾಡಿದರು. 2017ರ ಅಕ್ಟೋಬರ್ 25ರಂದು ನ್ಯಾಶ್‌ವಿಲ್‌ನಲ್ಲಿ ಕೆನ್ನಿಯ ವಿದಾಯದ ಕಾರ್ಯಕ್ರಮದಲ್ಲಿ ಕೊನೆಯ ಬಾರಿ ಜೊತೆಗೆ ವೇದಿಕೆ ಏರಿದರು. 2020ರ ಮಾರ್ಚ್ 20ರಂದು, 81ನೇ ವಯಸ್ಸಿನಲ್ಲಿ ಕೆನ್ನಿ ತೀರಿಕೊಂಡ.

ಬೀ ಜೀಸ್ ತಾವೇ ಈ ಹಾಡನ್ನು 1990ರ ದಶಕದ ಕೊನೆಗೆ ವೇದಿಕೆಯಲ್ಲಿ ಹಾಡಿದರು, 2001ರಲ್ಲಿ ಸ್ಟುಡಿಯೋದಲ್ಲೂ ಹಾಡಿಟ್ಟರು. ಚೆನ್ನಾಗಿಯೇ ಇದೆ. ಆದರೆ ಅದು ಮೊದಲು ಬೀ ಜೀಸ್ ಹಾಡಿನಂತೆ ಕೇಳುತ್ತದೆ, ಎರಡು ಪಾತ್ರಗಳ ಮಾತಿನಂತೆ ಕೇಳುವುದಿಲ್ಲ.

ಬ್ರಿಟನ್ನಿನಲ್ಲಿ ಇದರ ಕಥೆ ಇನ್ನೂ ಒಂದು ಸುತ್ತು ಬಂತು. 1983ರಲ್ಲಿ ಮೂಲ ಹಾಡು ಅಲ್ಲಿನ ಪಟ್ಟಿಯಲ್ಲಿ ಏಳನೇ ಸ್ಥಾನಕ್ಕೆ ನಿಂತಿತ್ತು. 2009ರ ಮಾರ್ಚ್‌ನಲ್ಲಿ ‘ಕಾಮಿಕ್ ರಿಲೀಫ್’ ಎಂಬ ದಾನನಿಧಿಗೆ ಹಣ ಕೂಡಿಸಲು, ವೇಲ್ಸ್‌ನ ಇಬ್ಬರು ಹಾಸ್ಯನಟರು, ರೂತ್ ಜೋನ್ಸ್ ಮತ್ತು ರಾಬ್ ಬ್ರೈಡನ್, ತಮ್ಮ ಟಿವಿ ಧಾರಾವಾಹಿಯ ಪಾತ್ರಗಳಾಗಿಯೇ ಇದನ್ನು ಹಾಡಿದರು. ಜೊತೆಗೆ ಗಾಯಕ ಟಾಮ್ ಜೋನ್ಸ್ ಇದ್ದ. ಬರೆದ ಮೂವರಲ್ಲಿ ಒಬ್ಬನಾದ ರಾಬಿನ್ ಗಿಬ್ ಕೂಡ ಇದ್ದ. ನಗಿಸುತ್ತ ಹಾಡಿದ ಆ ಹಾಡು ಒಂದನೇ ಸ್ಥಾನಕ್ಕೇರಿತು.